ಆ್ಯಪ್ ಹೋಯ್ತು, ‘ಐಡಿ’ ಬಂತು

ಟಾಸ್ ಆದ ತಕ್ಷಣ ನಮ್ಮ ಬೀದಿಯ ಟೀ ಅಂಗಡಿಯಲ್ಲಿ ಮಾತು ನಿಂತುಹೋಗುತ್ತಿತ್ತು. ಐದಾರು ಹುಡುಗರು ಗ್ಲಾಸು ಪಕ್ಕಕ್ಕಿಟ್ಟು ಫೋನಿನ ಮೇಲೆ ಬಗ್ಗುತ್ತಿದ್ದರು, ಡ್ರೀಮ್ 11ನಂಥ ಫ್ಯಾಂಟಸಿ ಆ್ಯಪ್‌ನಲ್ಲಿ ನಿಜವಾದ ಆಟಗಾರರನ್ನು ಆರಿಸಿ ತಮ್ಮದೇ ಟೀಮ್ ಕಟ್ಟೋಕೆ. ಇವತ್ತು ಯಾರು ಆಡುತ್ತಿಲ್ಲ, ಕ್ಯಾಪ್ಟನ್ ಯಾರನ್ನ ಮಾಡೋಣ, ವೈಸ್ ಕ್ಯಾಪ್ಟನ್ ಯಾರು, ಟೀಮ್ ಬದಲಾಯಿಸೋಕೆ ಉಳಿದಿರೋದು ಅರ್ಧ ಗಂಟೆ ಅಷ್ಟೇ. 49 ರೂಪಾಯಿ ಕಟ್ಟಿದರೆ ಕೋಟಿ ಬರಬಹುದು ಅನ್ನೋ ಆಸೆ. ಬರುತ್ತಿರಲಿಲ್ಲ ಅನ್ನೋದು ಬೇರೆ ಮಾತು.

2025ರ ಸೆಪ್ಟೆಂಬರಿನಲ್ಲಿ ಏಷ್ಯಾ ಕಪ್ ಶುರುವಾದಾಗ ಆ ಮೌನ ಇರಲಿಲ್ಲ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕೇಂದ್ರದ ಕಾಯ್ದೆ ಹಿಂದಿನ ತಿಂಗಳೇ ಬಂದು, ಆ ಆ್ಯಪ್‌ಗಳು ಹಣದ ಆಟ ನಿಲ್ಲಿಸಿದ್ದವು. ಭಾರತ ತಂಡದ ಜೆರ್ಸಿ ಮೇಲೆ ಪ್ರಾಯೋಜಕರ ಹೆಸರೂ ಇರಲಿಲ್ಲ. ‘ಸದ್ಯ, ಹುಡುಗರು ಈಗಲಾದ್ರೂ ಮ್ಯಾಚ್ ನೋಡ್ತಾರೆ’ ಅಂದರು ಅಂಗಡಿಯವರು. ಅವರು ಹಾಲು ಕಾಯಿಸೋಕೆ ಆ ಕಡೆ ತಿರುಗಿದ ಮೇಲೆ ಒಬ್ಬ ಹುಡುಗ ನನಗೆ ಫೋನ್ ತೋರಿಸಿದ. ವಾಟ್ಸಾಪ್ ಮೆಸೇಜು. ‘ಹೊಸ ಐಡಿ ಬೇಕಾ? ಮಿನಿಮಮ್ 500. ವಿತ್‌ಡ್ರಾ 24 ಗಂಟೆ.’ ಯಾವ ಕಂಪನಿದಪ್ಪಾ ಇದು ಅಂತ ಕೇಳಿದೆ. ‘ಹೆಸರೆಲ್ಲ ಯಾಕಣ್ಣಾ, ಲಿಂಕ್ ಕಳಿಸ್ತಾರೆ’ ಅಂದ.

ಮೊದಲು ಕಾನೂನು ಏನು ಹೇಳುತ್ತೆ ನೋಡಿ. ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಮಸೂದೆ ಲೋಕಸಭೆಗೆ ಬಂದಿದ್ದು 2025ರ ಆಗಸ್ಟ್ 20ಕ್ಕೆ. ಅವತ್ತೇ ಪಾಸಾಯಿತು. ಮರುದಿನ ರಾಜ್ಯಸಭೆ. ಅದರ ಮರುದಿನ ರಾಷ್ಟ್ರಪತಿಗಳ ಅಂಕಿತ. ಮೂರೇ ದಿನ. ನಮ್ಮಲ್ಲಿ ಒಂದು ಜಮೀನಿನ ಖಾತೆ ಬದಲಾವಣೆಗೆ ಇದಕ್ಕಿಂತ ಜಾಸ್ತಿ ದಿನ ಹಿಡಿಯುತ್ತೆ. ಹಣ ಕಟ್ಟಿ, ಹಣ ಗೆಲ್ಲುವ ಆಸೆಯಿಂದ ಆಡುವ ಯಾವ ಆನ್‌ಲೈನ್ ಆಟವೂ ಇಲ್ಲ, ಅದು ಬುದ್ಧಿಯ ಆಟವೋ ಅದೃಷ್ಟದ ಆಟವೋ ಅನ್ನೋ ಪ್ರಶ್ನೆಯೇ ಬೇಡ ಅಂದುಬಿಟ್ಟಿತು ಈ ಕಾಯ್ದೆ. ಆಡಿಸಿದವರಿಗೆ 3 ವರ್ಷದವರೆಗೆ ಜೈಲು, 1 ಕೋಟಿವರೆಗೆ ದಂಡ. ಜಾಹೀರಾತು ಮಾಡಿದವರಿಗೆ 2 ವರ್ಷ, 50 ಲಕ್ಷ. ಹಣ ಸಾಗಿಸಿಕೊಟ್ಟ ಬ್ಯಾಂಕು, ಪೇಮೆಂಟ್ ಕಂಪನಿಗಳಿಗೂ ಆಡಿಸಿದವರಷ್ಟೇ ಶಿಕ್ಷೆ. ಇ-ಸ್ಪೋರ್ಟ್ಸ್‌ಗೆ, ಅಂದರೆ ವಿಡಿಯೊ ಗೇಮ್ ಪಂದ್ಯಾವಳಿಗಳಿಗೆ, ಮಾನ್ಯತೆ ಕೊಟ್ಟರು, ಹಣ ಇಲ್ಲದೆ ಆಡುವ ಆಟಗಳನ್ನು ಬಿಟ್ಟರು. ಆಡಿದವನಿಗೆ ಮಾತ್ರ ಶಿಕ್ಷೆ ಇಲ್ಲ. ಈ ಕೊನೆಯ ಅಂಶಕ್ಕೆ ಆಮೇಲೆ ಬರುತ್ತೇನೆ, ನನ್ನ ಲೆಕ್ಕದಲ್ಲಿ ಇಡೀ ಕಾಯ್ದೆಯಲ್ಲಿ ತುಂಬಾ ಒಳ್ಳೆಯದು ಅದೇ.

ಬುದ್ಧಿಯೋ ಅದೃಷ್ಟವೋ ಅನ್ನೋ ಜಗಳ ಸಣ್ಣದಲ್ಲ. ಅರವತ್ತು ವರ್ಷಗಳಿಂದ ಈ ದೇಶದ ಜೂಜಿನ ಕಾನೂನು ನಿಂತಿದ್ದೇ ಅದರ ಮೇಲೆ. ರಮ್ಮಿ ಆಡೋಕೆ ಎಲೆ ನೆನಪಿಡಬೇಕು, ಲೆಕ್ಕ ಹಾಕಬೇಕು, ಹಾಗಾಗಿ ಅದು ಬರೀ ಅದೃಷ್ಟದ ಆಟ ಅಲ್ಲ ಅಂತ ಸುಪ್ರೀಂ ಕೋರ್ಟ್ 1968ರಲ್ಲೇ ಹೇಳಿತ್ತು. ಕುದುರೆ ರೇಸಿಗೂ 1996ರಲ್ಲಿ ಅದೇ ರಕ್ಷಣೆ ಸಿಕ್ಕಿತು. ಊರ ಕ್ಲಬ್ಬಿನಲ್ಲಿ ಸಂಜೆ ಆರಕ್ಕೆ ಟೇಬಲ್ ಹಾಕಿ ಕೂತ ನಿವೃತ್ತ ಮೇಷ್ಟ್ರುಗಳಿಗೆ ಸಿಕ್ಕ ಈ ರಕ್ಷಣೆಯನ್ನೇ ಹಿಡಿದುಕೊಂಡು ರಮ್ಮಿ ಆ್ಯಪ್‌ಗಳು, ಫ್ಯಾಂಟಸಿ ಆ್ಯಪ್‌ಗಳು ಕೋಟಿಗಟ್ಟಲೆ ಜನರ ಫೋನಿಗೆ ನುಗ್ಗಿದವು. ಎದುರಿಗೆ ನಾಲ್ಕು ಜನ ಗೊತ್ತಿರುವವರು ಕೂತು, ಹೆಂಡತಿ ಊಟಕ್ಕೆ ಕರೆಯುವ ಹೊತ್ತಿಗೆ ಏಳಲೇಬೇಕಾದ ಆಟವೂ, ಹಾಸಿಗೆಯಲ್ಲಿ ಮಲಗಿ ರಾತ್ರಿ ಎರಡು ಗಂಟೆಗೆ ಹೆಬ್ಬೆರಳಿನಲ್ಲಿ ಆಡುವ ಆಟವೂ ಒಂದೇನಾ? ಎಲೆ ಅದೇ ಇರಬಹುದು. ನಿಲ್ಲಿಸುವವರು ಯಾರೂ ಇಲ್ಲ ಅನ್ನೋದೇ ಇಲ್ಲಿ ದೊಡ್ಡ ವ್ಯತ್ಯಾಸ, ಅಲ್ವಾ?

ಕರ್ನಾಟಕ ಈ ದಾರಿಯಲ್ಲಿ ಒಮ್ಮೆ ಹೋಗಿ ಎಡವಿ ಬಂದಿದೆ. 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೆಲ್ಲ ರಾಜ್ಯ ಸರ್ಕಾರ ನಿಷೇಧಿಸಿತು. ಅಕ್ಟೋಬರ್ 5ಕ್ಕೆ ಜಾರಿ. ಕೆಲವೇ ದಿನಗಳಲ್ಲಿ ಕ್ಯಾಬ್ ಚಾಲಕರೊಬ್ಬರ ದೂರಿನ ಮೇಲೆ ಬೆಂಗಳೂರಿನ ಅನ್ನಪೂರ್ಣೇಶ್ವರಿ ನಗರ ಠಾಣೆಯಲ್ಲಿ ಡ್ರೀಮ್ 11 ವಿರುದ್ಧ ಕೇಸಾಯಿತು, ಕಂಪನಿ ಇಲ್ಲಿನ ಆಟ ನಿಲ್ಲಿಸಿತು. 2022ರ ಫೆಬ್ರವರಿ 14ಕ್ಕೆ ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ಹೊಡೆದುಹಾಕಿತು. ಕೌಶಲದ ಆಟವನ್ನು ಜೂಜಿನ ಜೊತೆ ಸೇರಿಸಿ ನಿಷೇಧಿಸೋಕೆ ಆಗಲ್ಲ ಅಂತ. ಆ್ಯಪ್‌ಗಳು ವಾಪಸ್ ಬಂದವು. ಪಕ್ಕದ ತಮಿಳುನಾಡಿನದೂ ಸುಮಾರು ಇದೇ ಕಥೆ. ಒಂದು ಕಾನೂನು 2021ರಲ್ಲಿ ಬಿತ್ತು, ಇನ್ನೊಂದನ್ನು ತಂದರು, ಅದನ್ನು ರಾಜ್ಯಪಾಲರು ವಾಪಸ್ ಕಳಿಸಿದರು, ವಿಧಾನಸಭೆ ಮತ್ತೆ ಪಾಸು ಮಾಡಿತು, ಕೊನೆಗೆ 2023ರಲ್ಲಿ ಮದ್ರಾಸ್ ಹೈಕೋರ್ಟ್ ರಮ್ಮಿ ಮತ್ತು ಪೋಕರನ್ನು ಅದರಿಂದ ಹೊರಗಿಟ್ಟಿತು. ಆಮೇಲೆ ಅವರು ಇನ್ನೊಂದು ದಾರಿ ಹಿಡಿದರು. ಆಡೋದಾದರೆ ಆಡಿ, ಆದರೆ ಮಧ್ಯರಾತ್ರಿಯಿಂದ ಬೆಳಗ್ಗೆ ಐದರವರೆಗೆ ಆಟ ಬಂದ್, ಖಾತೆಗೆ ಆಧಾರ್ ಕಡ್ಡಾಯ. ಇದನ್ನು 2025ರ ಜೂನಿನಲ್ಲಿ ಅದೇ ಹೈಕೋರ್ಟ್ ಎತ್ತಿಹಿಡಿಯಿತು. ಎರಡೇ ತಿಂಗಳಿಗೆ ಕೇಂದ್ರದ ಕಾಯ್ದೆ ಬಂದು, ಆ ಪ್ರಯೋಗದ ಫಲ ಏನಾಗುತ್ತಿತ್ತು ಅಂತ ನೋಡೋ ಅವಕಾಶವೇ ಇಲ್ಲದಂತಾಯಿತು. ನನಗೆ ಅದರ ಬಗ್ಗೆ ಇವತ್ತಿಗೂ ಸ್ವಲ್ಪ ಬೇಜಾರಿದೆ.

ಇನ್ನು ತೆರಿಗೆ. 2023ರ ಅಕ್ಟೋಬರಿಗೆ ಮೊದಲು ಕಂಪನಿಗಳು ತಮ್ಮ ಕಮಿಷನ್ನಿನ ಮೇಲೆ 18 ಶೇಕಡಾ ಜಿಎಸ್‌ಟಿ ಕಟ್ಟುತ್ತಿದ್ದವು. ನೂರು ರೂಪಾಯಿ ಬಾಜಿಯಲ್ಲಿ ಕಂಪನಿ ಹತ್ತು ರೂಪಾಯಿ ಇಟ್ಟುಕೊಂಡರೆ ತೆರಿಗೆ ಒಂದು ರೂಪಾಯಿ ಎಂಬತ್ತು ಪೈಸೆ. ಆಮೇಲೆ ಕಟ್ಟಿದ ಇಡೀ ಹಣದ ಮೇಲೆ 28 ಶೇಕಡಾ ಅಂತ ಮಾಡಿದರು. ಆರು ತಿಂಗಳಲ್ಲಿ ಈ ತೆರಿಗೆ 1,349 ಕೋಟಿಯಿಂದ 6,909 ಕೋಟಿಗೆ ಏರಿತು ಅಂತ ಹಣಕಾಸು ಸಚಿವರೇ ಹೇಳಿದರು. ಇದರ ಜೊತೆಗೆ ಗೆದ್ದ ಹಣದ ಮೇಲೆ 30 ಶೇಕಡಾ ಟಿಡಿಎಸ್, ಅಂದರೆ ಹಣ ಕೈಗೆ ಬರೋ ಮೊದಲೇ ಮುರಿದುಕೊಳ್ಳುವ ತೆರಿಗೆ. ಇಷ್ಟು ಆದಾಯ ಇದ್ದೂ ಸರ್ಕಾರ ಅದನ್ನು ಬಿಡೋ ಮನಸ್ಸು ಮಾಡಿತು ಅನ್ನೋದನ್ನು ಮೆಚ್ಚಲೇಬೇಕು. ಸಾರಾಯಿ ವಿಷಯದಲ್ಲಿ ಈ ಧೈರ್ಯ ಎಷ್ಟು ಸರ್ಕಾರಗಳಿಗೆ ಬಂದಿದೆ ಹೇಳಿ. ಆದರೆ ತಮಾಷೆ ನೋಡಿ, ನಿಷೇಧ ಮಾಡಿದ ಎರಡೇ ವಾರಕ್ಕೆ ಜಿಎಸ್‌ಟಿ ಮಂಡಳಿ ಕೂತು, ಕ್ಯಾಸಿನೊ, ಕುದುರೆ ರೇಸು, ಲಾಟರಿಗಳ ಜೊತೆ ಆನ್‌ಲೈನ್ ಹಣದಾಟವನ್ನೂ 40 ಶೇಕಡಾ ತೆರಿಗೆಯ ಪಟ್ಟಿಗೆ ಸೇರಿಸಿತು. ಇಲ್ಲದ ಎಮ್ಮೆಗೂ ಹಗ್ಗ ತಂದು ಇಟ್ಟಂಗೆ.

ನಿಷೇಧದ ಏಟು ಬಿದ್ದಿದ್ದು ಬೆಂಗಳೂರಿಗೆ ಜಾಸ್ತಿ. ಈ ಉದ್ಯಮದ ಎಷ್ಟೋ ಕಚೇರಿಗಳು ಇಲ್ಲೇ ಇದ್ದವು. ಕಾಯ್ದೆ ಜಾರಿಯ ದಿನಾಂಕಕ್ಕೂ ಕಾಯದೆ ಕಂಪನಿಗಳು ಹಣದ ಆಟ ನಿಲ್ಲಿಸಿದವು. ಬೆಂಗಳೂರಿನ ಗೇಮಿಂಗ್ ಕಂಪನಿ ಎಂಪಿಎಲ್ ಭಾರತದ ಸಿಬ್ಬಂದಿಯಲ್ಲಿ ಸುಮಾರು 60 ಶೇಕಡಾ ಜನರನ್ನು ಕೈಬಿಡುವ ತೀರ್ಮಾನ ಮಾಡಿತು. ಡ್ರೀಮ್ 11 ಬಿಸಿಸಿಐ ಜೊತೆಗಿನ 358 ಕೋಟಿಯ ಒಪ್ಪಂದದಿಂದ ಅರ್ಧಕ್ಕೆ ಹೊರಬಂತು, ಆ ಜಾಗಕ್ಕೆ ಟೈರ್ ಕಂಪನಿ ಬಂತು. ಎರಡು ಲಕ್ಷ ಕೆಲಸ ಹೋಗುತ್ತೆ, 400 ಕಂಪನಿ ಮುಚ್ಚುತ್ತೆ ಅಂತ ಉದ್ಯಮದವರು ಗೃಹ ಸಚಿವರಿಗೆ ಪತ್ರ ಬರೆದಿದ್ದರು. ಆ ಲೆಕ್ಕ ಅವರದ್ದು, ಸ್ವಲ್ಪ ಉಬ್ಬಿಸಿರಬಹುದು. ಆದರೂ ಕೆಲಸ ಕಳೆದುಕೊಂಡವರಲ್ಲಿ ಜೂಜಿಗೂ ತಮಗೂ ಸಂಬಂಧವೇ ಇಲ್ಲ ಅಂದುಕೊಂಡಿದ್ದ ಡಿಸೈನರ್‌ಗಳು, ಕಸ್ಟಮರ್ ಕೇರ್ ಹುಡುಗಿಯರು ಇದ್ದರು. ಅವರ ಪಾಡಿನ ಬಗ್ಗೆ ಯಾರೂ ಜಾಸ್ತಿ ಮಾತಾಡಲಿಲ್ಲ.

ಕಾಯ್ದೆಯನ್ನು ಪ್ರಶ್ನಿಸಿ ರಮ್ಮಿ ಆ್ಯಪ್‌ನ ಎ23 ಕಂಪನಿ ಮೊದಲು ಹೋಗಿದ್ದು ಕರ್ನಾಟಕ ಹೈಕೋರ್ಟಿಗೆ. ಬಾಜಿ ಮತ್ತು ಜೂಜು ಸಂವಿಧಾನದಲ್ಲಿ ರಾಜ್ಯಗಳ ಪಟ್ಟಿಯಲ್ಲಿರುವ ವಿಷಯ, ಕೇಂದ್ರ ಹೇಗೆ ಕಾನೂನು ಮಾಡುತ್ತೆ ಅನ್ನೋದು ಉದ್ಯಮದ ವಾದಗಳಲ್ಲಿ ಒಂದು. ದೆಹಲಿ, ಮಧ್ಯಪ್ರದೇಶದಲ್ಲೂ ಅರ್ಜಿಗಳಿದ್ದವು, ಎಲ್ಲವನ್ನೂ ಸುಪ್ರೀಂ ಕೋರ್ಟ್ ಸೆಪ್ಟೆಂಬರಿನಲ್ಲಿ ತನ್ನ ಹತ್ತಿರ ತರಿಸಿಕೊಂಡಿತು.

ಹಾಗಾದರೆ ಜನರಿಗೆ ಏನಾಯಿತು? 45 ಕೋಟಿ ಜನ ವರ್ಷಕ್ಕೆ ಸುಮಾರು 20,000 ಕೋಟಿ ಕಳೆದುಕೊಳ್ಳುತ್ತಿದ್ದಾರೆ ಅಂತ ಸರ್ಕಾರ ಅಂದಾಜು ಹೇಳಿತ್ತು. ಭಾಗಿಸಿ ನೋಡಿ. ತಲೆಗೆ ವರ್ಷಕ್ಕೆ 450 ರೂಪಾಯಿಯೂ ಇಲ್ಲ. ಅಷ್ಟೇ ಆಗಿದ್ದರೆ ಇದು ಸಮಸ್ಯೆಯೇ ಅಲ್ಲ, ತಿಂಗಳಿಗೆ ಎರಡು ಮಸಾಲೆ ದೋಸೆಯ ದುಡ್ಡೂ ಆಗಲಿಲ್ಲ. ಸರಾಸರಿ ಇಲ್ಲಿ ಮೋಸ ಮಾಡುತ್ತೆ. ತುಂಬಾ ಜನ ನೂರಿನ್ನೂರು ಕಳೆದು ಮರೆತುಬಿಡುತ್ತಾರೆ, ಕೆಲವೇ ಜನ ಸೈಟು ಮಾರುತ್ತಾರೆ, ತಂಗಿ ಮದುವೆಗೆ ಅಂತ ಇಟ್ಟ ಚೀಟಿ ದುಡ್ಡು ಹಾಕುತ್ತಾರೆ, ಮೀಟರ್ ಬಡ್ಡಿಗೆ ಸಾಲ ತರುತ್ತಾರೆ. ನಿಷೇಧದಿಂದ ಮೊದಲ ಗುಂಪು ಆಟ ಬಿಟ್ಟಿತು, ನಮ್ಮ ಟೀ ಅಂಗಡಿಯ ಹುಡುಗರ ಹಾಗೆ. ಆ್ಯಪ್ ಇಲ್ಲ ಅಂದರೆ ಅವರಿಗೆ ಬೇರೆ ಮಾಡೋಕೆ ಇದೆ. ಅದು ನಿಜವಾದ ಲಾಭ. ಹೊಸದಾಗಿ ಈ ಚಟಕ್ಕೆ ಬೀಳೋ ಬಾಗಿಲೂ ಕಿರಿದಾಯಿತು, ಟಿವಿಯಲ್ಲಿ ಕ್ರಿಕೆಟ್ ತಾರೆಯರು ಬಂದು ‘ಬನ್ನಿ ಆಡಿ’ ಅನ್ನೋದು ನಿಂತಿತು. ಎರಡನೇ ಗುಂಪು ಎಲ್ಲಿಗೆ ಹೋಯಿತು ಅನ್ನೋದೇ ಪ್ರಶ್ನೆ.

ಆ ‘ಐಡಿ’ ಹೇಗೆ ಕೆಲಸ ಮಾಡುತ್ತೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇದು ಪ್ಲೇ ಸ್ಟೋರಿನಲ್ಲಿ ಇರೋದಿಲ್ಲ. ವಾಟ್ಸಾಪಲ್ಲೋ ಟೆಲಿಗ್ರಾಮಲ್ಲೋ ಒಬ್ಬ ಏಜೆಂಟ್ ಸಿಗುತ್ತಾನೆ. ಅವನು ಒಂದು ಯುಪಿಐ ಐಡಿಯೋ ಕ್ಯೂಆರ್ ಕೋಡೋ ಕಳಿಸುತ್ತಾನೆ. ನೀವು ಹಣ ಹಾಕಿ ಸ್ಕ್ರೀನ್‌ಶಾಟ್ ಕಳಿಸಿದರೆ ಯೂಸರ್ ನೇಮ್, ಪಾಸ್‌ವರ್ಡ್ ಬರುತ್ತೆ, ಅದರೊಳಗೆ ಅಷ್ಟು ಪಾಯಿಂಟ್ ಇರುತ್ತೆ. ಬೆಟ್ಟಿಂಗ್ ವೆಬ್‌ಸೈಟು ಎಲ್ಲೋ ಹೊರದೇಶದ್ದು. ಸರ್ಕಾರ ಒಂದು ವಿಳಾಸ ಬ್ಲಾಕ್ ಮಾಡಿದರೆ ಹೆಸರಿನ ಕೊನೆಗೆ ಒಂದು ಅಂಕಿ ಬದಲಾಯಿಸಿ ಸಂಜೆಯೊಳಗೆ ಹೊಸ ಲಿಂಕ್ ಬರುತ್ತೆ. 2022ರಿಂದ 2025ರ ಜೂನ್‌ವರೆಗೆ ಕೇಂದ್ರ 1,500ಕ್ಕೂ ಹೆಚ್ಚು ಬೆಟ್ಟಿಂಗ್ ಸೈಟು, ಆ್ಯಪ್‌ಗಳನ್ನು ಬ್ಲಾಕ್ ಮಾಡಿತ್ತು. ಮಹಾದೇವ ಅನ್ನೋ ಬೆಟ್ಟಿಂಗ್ ಆ್ಯಪ್‌ನ ಗಲಾಟೆ ಜೋರಾಗಿದ್ದಾಗ, 2023ರ ನವೆಂಬರಿನಲ್ಲಿ, ಒಂದೇ ಏಟಿಗೆ 22. ಅದು ಅಂಗಳಕ್ಕೆ ಬಿದ್ದ ಎಲೆ ಗುಡಿಸಿದ ಹಾಗೆ, ಮರ ಅಲ್ಲೇ ಇದೆ.

ಇಲ್ಲಿ ತೆರಿಗೆ ಇಲ್ಲ, ಟಿಡಿಎಸ್ ಇಲ್ಲ, ವಯಸ್ಸು ಕೇಳೋರಿಲ್ಲ. ಗೆದ್ದ ಹಣ ಕೊಡಲಿಲ್ಲ ಅಂದರೆ ದೂರು ಕೊಡೋಕೂ ಜಾಗ ಇಲ್ಲ. ಹಳೆಯ ಆ್ಯಪ್‌ಗಳಲ್ಲಿ ತಿಂಗಳ ಮಿತಿ, ಪಾನ್ ಕಾರ್ಡ್, ಕಸ್ಟಮರ್ ಕೇರ್ ನಂಬರು ಅಂತ ಏನಾದರೂ ಇತ್ತು, ನೆಪಕ್ಕಾದರೂ. ಮತ್ತೆ ಏಜೆಂಟ್ ಅಂದರೆ ಯಾರು? ನಿಮ್ಮ ಊರವನೇ. ಹಿಂದೆ ಓಸಿ (ಮಟ್ಕಾ) ಚೀಟಿ ಬರೆಯುತ್ತಿದ್ದವನ ಮಗನೂ ಇರಬಹುದು. ಉದ್ರಿಗೆ ಪಾಯಿಂಟ್ ಹಾಕುತ್ತಾನೆ, ಭಾನುವಾರ ಲೆಕ್ಕ ಮಾಡೋಣ ಅಂತಾನೆ. ಆ್ಯಪ್ ಯಾವತ್ತೂ ಉದ್ರಿ ಕೊಡುತ್ತಿರಲಿಲ್ಲ, ಮನೆ ಬಾಗಿಲಿಗೂ ಬರುತ್ತಿರಲಿಲ್ಲ. ಇವನು ಎರಡೂ ಮಾಡುತ್ತಾನೆ.

ಲಾಟರಿ ನೆನಪಿದೆ ಅಲ್ವಾ? ಬಸ್ ಸ್ಟ್ಯಾಂಡಿನಲ್ಲಿ ಹಗ್ಗಕ್ಕೆ ಕ್ಲಿಪ್ ಹಾಕಿ ನೇತುಹಾಕಿದ ಟಿಕೆಟ್ಟುಗಳು. 2007ರಲ್ಲಿ ಕರ್ನಾಟಕ ಅದನ್ನು ನಿಷೇಧಿಸಿತು. ಅಂಗಡಿಗಳು ಮಾಯವಾದವು, ಎಷ್ಟೋ ಮನೆಗಳು ಉಳಿದವು, ಅದರಲ್ಲಿ ನನಗೆ ಅನುಮಾನ ಇಲ್ಲ. ಎಂಟು ವರ್ಷ ಆದ ಮೇಲೆ, 2015ರಲ್ಲಿ, ಕೆಜಿಎಫ್‌ನಲ್ಲಿ ಒಂದಂಕಿ ಲಾಟರಿ ದಂಧೆ ಸಿಕ್ಕಿಬಿತ್ತು, ಪೊಲೀಸ್ ಇಲಾಖೆಯ ಮೇಲೇ ಅನುಮಾನ ಬಂದು ಸರ್ಕಾರ ತನಿಖೆಯನ್ನು ಸಿಬಿಐಗೆ ಒಪ್ಪಿಸಬೇಕಾಯಿತು. ಇತ್ತ ಗಡಿ ದಾಟಿದರೆ ಕೇರಳದಲ್ಲಿ ಸರ್ಕಾರದ್ದೇ ಲಾಟರಿ, 2024ರ ಓಣಂ ಬಂಪರಿನ 25 ಕೋಟಿ ಬಂದಿದ್ದು ನಮ್ಮ ಮಂಡ್ಯ ಜಿಲ್ಲೆಯವರಿಗೆ. ನಿಷೇಧ ಸುಮ್ನೆ ಅಂತ ನಾನು ಹೇಳುತ್ತಿಲ್ಲ. ಲಾಟರಿ ನಿಷೇಧ ಕೆಲಸ ಮಾಡಿತು, ಯಾಕೆಂದರೆ ಅದಕ್ಕೆ ಅಂಗಡಿ ಬೇಕಿತ್ತು, ಕಾಗದ ಬೇಕಿತ್ತು, ಕದ್ದು ಮಾರೋದು ಕಷ್ಟದ ಕೆಲಸ. ಐಡಿಗೆ ಏನು ಬೇಕು? ಒಂದು ಫೋನು, ಒಂದು ಬ್ಯಾಂಕ್ ಖಾತೆ. ಫೋನನ್ನು ಯಾರೂ ನಿಲ್ಲಿಸೋಕಾಗಲ್ಲ. ಹಾಗಾಗಿ ಹಿಡಿಯಬೇಕಾದ ಜಾಗ ಒಂದೇ, ಆ ಖಾತೆ.

ಕಾಯ್ದೆ ಇದನ್ನು ಬಲ್ಲದು, ಅದಕ್ಕೇ ಹಣ ಸಾಗಿಸುವವರಿಗೂ ಶಿಕ್ಷೆ ಇಟ್ಟಿದೆ. ಆದರೆ ಬ್ಯಾಂಕಿಗೆ ಕಾಣೋದು ಏನು? ಒಬ್ಬರಿಂದ ಇನ್ನೊಬ್ಬರಿಗೆ 500 ರೂಪಾಯಿ ಹೋಗಿದೆ ಅಷ್ಟೇ. ತರಕಾರಿಗೂ ಹೋಗಿರಬಹುದು. ಆ ಇನ್ನೊಬ್ಬರ ಖಾತೆ ಬಾಡಿಗೆಯದು. ಕಾಲೇಜು ಹುಡುಗರು, ಆಟೋ ಓಡಿಸುವವರು, ಗಾರೆ ಕೆಲಸದವರು ತಮ್ಮ ಪಾಸ್‌ಬುಕ್, ಎಟಿಎಂ ಕಾರ್ಡ್, ಸಿಮ್ಮು ಎಲ್ಲ ಸೇರಿಸಿ ‘ಕಿಟ್’ ಅಂತ ಕೊಟ್ಟುಬಿಡುತ್ತಾರೆ. ಹೀಗೆ ಕೊಟ್ಟ ಖಾತೆಯಲ್ಲಿ ಬೆಟ್ಟಿಂಗ್ ಹಣವೂ ಓಡುತ್ತೆ, ಡಿಜಿಟಲ್ ಅರೆಸ್ಟ್ ಅಂತ ಹೆದರಿಸಿ ದೋಚಿದ ಯಾರದೋ ಪಿಂಚಣಿ ಹಣವೂ ಓಡುತ್ತೆ. ಹಣ ಕಳೆದುಕೊಂಡವರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಟ್ಟರೆ ಹಣ ಹಾದುಹೋದ ಖಾತೆಗಳಿಗೆ ಒಂದರ ಹಿಂದೆ ಒಂದರಂತೆ ಬೀಗ ಬೀಳುತ್ತೆ. ಮೇಲೆ ಕೂತವನ ಹಣ ಅಷ್ಟು ಹೊತ್ತಿಗೆ ಬೇರೆ ಎಲ್ಲೋ ಹೋಗಿರುತ್ತೆ.

ಮೇಲಿನವರನ್ನು ಹಿಡಿಯುವ ಪ್ರಯತ್ನವೇ ಇಲ್ಲ ಅಂತಲ್ಲ. ಕಾಯ್ದೆಗೆ ಅಂಕಿತ ಬಿದ್ದ ಮರುದಿನವೇ ಜಾರಿ ನಿರ್ದೇಶನಾಲಯ (ಇ.ಡಿ.) ಚಿತ್ರದುರ್ಗದ ಶಾಸಕ ಕೆ.ಸಿ. ವೀರೇಂದ್ರ ಅವರನ್ನು ಗ್ಯಾಂಗ್‌ಟಾಕ್‌ನಲ್ಲಿ ಬಂಧಿಸಿತು. ಅಕ್ರಮ ಬೆಟ್ಟಿಂಗ್ ಸೈಟುಗಳನ್ನು ನಡೆಸುತ್ತಿದ್ದರು ಅನ್ನೋದು ಆರೋಪ, ಶೋಧದಲ್ಲಿ ಸುಮಾರು 12 ಕೋಟಿ ನಗದು, 6 ಕೋಟಿಯ ಚಿನ್ನ ಸಿಕ್ಕಿತು ಅಂತ ಇ.ಡಿ. ಹೇಳಿತು. ಆರೋಪ ಸಾಬೀತಾಗಬೇಕಾದ್ದು ಕೋರ್ಟಿನಲ್ಲಿ. ಆದರೆ ಈ ಕೇಸಿಗೆ ಹೊಸ ಕಾಯ್ದೆ ಬೇಕಿರಲಿಲ್ಲ ಅನ್ನೋದನ್ನು ಗಮನಿಸಿ. ಹಣ ಅಕ್ರಮ ವರ್ಗಾವಣೆಯ ಹಳೆಯ ಕಾನೂನೇ ಸಾಕಾಗಿತ್ತು. ಹೆಸರಿಲ್ಲದ ಐಡಿ ದಂಧೆ ಮೊದಲೂ ಅಪರಾಧವೇ, ಈಗಲೂ ಅಪರಾಧವೇ. ಹೊಸದಾಗಿ ಅಪರಾಧ ಆಗಿದ್ದು ಕಚೇರಿ, ಬೋರ್ಡು, ಜಿಎಸ್‌ಟಿ ನಂಬರ್ ಇದ್ದ ಕಂಪನಿಗಳ ಆಟ.

ಇನ್ನೊಂದು ಮಾತು, ಸ್ವಲ್ಪ ಪಕ್ಕದ್ದು. ನಿಷೇಧದ ಮುಂದಿನ ತಿಂಗಳೇ ಬೆಂಗಳೂರಿನ ದೊಡ್ಡ ರಮ್ಮಿ ಕಂಪನಿಯೊಂದು ಪೊಲೀಸರಿಗೆ ದೂರು ಕೊಟ್ಟಿತು. ತನ್ನ ಹಣಕಾಸು ಮುಖ್ಯಸ್ಥರಾಗಿದ್ದವರೇ ಕಂಪನಿಯ 200 ಕೋಟಿಗೂ ಹೆಚ್ಚು ಹಣವನ್ನು ಷೇರುಪೇಟೆಯ ಎಫ್ ಆ್ಯಂಡ್ ಓ, ಅಂದರೆ ಬೆಲೆ ಮುಂದೆ ಏರುತ್ತೋ ಇಳಿಯುತ್ತೋ ಅಂತ ಒಪ್ಪಂದ ಮಾಡೋ ವ್ಯವಹಾರದಲ್ಲಿ ಕಳೆದಿದ್ದಾರೆ ಅಂತ. ಜೂಜಿನ ಮನೆಯಲ್ಲೇ ಜೂಜಿನ ಕಳ್ಳತನ. ಎಫ್ ಆ್ಯಂಡ್ ಓ ಪೂರ್ತಿ ಕಾನೂನುಬದ್ಧ. 2024-25ರಲ್ಲಿ ಅದರಲ್ಲಿ ಕೈಹಾಕಿದ ಸಾಮಾನ್ಯ ಜನರಲ್ಲಿ 91 ಶೇಕಡಾ ಸೋತಿದ್ದಾರೆ, ಒಟ್ಟು ನಷ್ಟ 1 ಲಕ್ಷ ಕೋಟಿಗೂ ಜಾಸ್ತಿ ಅಂತ ಷೇರುಪೇಟೆಯ ನಿಯಂತ್ರಕ ಸೆಬಿಯ ಅಧ್ಯಯನವೇ ಹೇಳುತ್ತೆ. ಆನ್‌ಲೈನ್ ಆಟದಲ್ಲಿ ಹೋಗುತ್ತೆ ಅಂದ ಹಣದ ಐದು ಪಟ್ಟು! ನನಗೆ ಗೊತ್ತಿರುವ ಇಬ್ಬರು ಫ್ಯಾಂಟಸಿ ಟೀಮ್ ಕಟ್ಟೋದು ಬಿಟ್ಟು ಈಗ ಗುರುವಾರಕ್ಕೆ, ಮಂಗಳವಾರಕ್ಕೆ ಎಕ್ಸ್‌ಪೈರಿ, ಅಂದರೆ ಆ ಒಪ್ಪಂದ ಮುಗಿಯೋ ದಿನ, ಅಂತ ಕಾಯುತ್ತಾರೆ. ಮಾತಾಡೋ ಧಾಟಿಯೂ ಅದೇ, ‘ಇವತ್ತು ಹೊಡೀತು ಗುರು.’

ಈಗ ಆ ಒಳ್ಳೆಯ ಅಂಶ. ಆಡಿದವನು ಅಪರಾಧಿ ಅಲ್ಲ. ಹಳೆಯ ಜೂಜಿನ ಕಾನೂನಿನಲ್ಲಿ ಅಡ್ಡೆ ಮೇಲೆ ದಾಳಿ ಆದರೆ ಎಲೆ ಹಿಡಿದವನನ್ನೂ ಜೀಪಿಗೆ ಹತ್ತಿಸುತ್ತಿದ್ದರು, ಪೇಪರಿನಲ್ಲಿ ಹೆಸರು ಬರುತ್ತಿತ್ತು. ಇಲ್ಲಿ ಸೋತವನು ಧೈರ್ಯವಾಗಿ ಹೊರಬಂದು ಹೇಳಬಹುದು. ಸಮಸ್ಯೆ ಏನೆಂದರೆ ಇದು ಅವನಿಗೇ ಗೊತ್ತಿಲ್ಲ. ‘ಕಂಪ್ಲೇಂಟ್ ಕೊಟ್ಟರೆ ನಿನ್ನನ್ನೇ ಒಳಗೆ ಹಾಕ್ತಾರೆ’ ಅಂತ ಏಜೆಂಟ್ ಹೇಳಿದ್ದನ್ನು ನಂಬಿ ಸುಮ್ಮನಿರುತ್ತಾನೆ. ನಿಮ್ಹಾನ್ಸ್‌ನಲ್ಲಿ ಫೋನು, ಗೇಮಿನ ಚಟಕ್ಕೆ ಅಂತಲೇ 2014ರಿಂದ ಶಟ್ ಕ್ಲಿನಿಕ್ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಇವೆರಡರ ಬಗ್ಗೆ ಒಂದು ಬೋರ್ಡನ್ನಾದರೂ ನೀವು ಬಸ್ ಸ್ಟ್ಯಾಂಡಿನಲ್ಲಿ ನೋಡಿದ್ದೀರಾ? ಆ್ಯಪ್‌ಗಳ ಬೋರ್ಡು ಮಾತ್ರ ಕಣ್ಣು ಬಿಟ್ಟಲ್ಲೆಲ್ಲ ಇತ್ತು. ಸಾವಿರಾರು ಕೋಟಿ ತೆರಿಗೆ ಬಂದ ವರ್ಷಗಳಲ್ಲಿ ಅದರ ಒಂದು ಪಾಲನ್ನು ತಾಲ್ಲೂಕು ಆಸ್ಪತ್ರೆಯಲ್ಲಿ ಒಬ್ಬ ಕೌನ್ಸೆಲರ್ ಇಡೋಕೆ ಕೊಟ್ಟಿದ್ದರೆ ಎಷ್ಟು ಚೆನ್ನಾಗಿತ್ತು.

ಮೆಸೇಜ್ ತೋರಿಸಿದ್ದ ಹುಡುಗನ ವಿಷಯ ಹೇಳಬೇಕು. ಅವನು ಐಡಿ ತಗೊಂಡ. ಎಷ್ಟು ಸೋತ ಅಂತ ಸರಿಯಾಗಿ ಹೇಳಲಿಲ್ಲ, ಏಜೆಂಟಿಗೆ ಬಾಕಿ ಮಾತ್ರ ಹದಿನೆಂಟು ಸಾವಿರ. ಬಾಕಿ ತೀರಿಸೋಕೆ ಏಜೆಂಟೇ ದಾರಿ ಹೇಳಿಕೊಟ್ಟ, ಒಂದು ಖಾತೆ ಕೊಡು, ತಿಂಗಳಿಗೆ ನಾಲ್ಕು ಸಾವಿರ ವಜಾ. ಇವನ ಖಾತೆಗೆ ಬೈಕ್ ಸಾಲದ ಕಂತು ಜೋಡಿಸಿತ್ತು, ಹಾಗಾಗಿ ಅಮ್ಮನದು ಕೊಟ್ಟ. ಮೂರನೇ ತಿಂಗಳಿಗೆ ಖಾತೆ ಫ್ರೀಜ್. ಬ್ಯಾಂಕಿನವರು ಬೇರೆ ರಾಜ್ಯದ ಸೈಬರ್ ಠಾಣೆಯ ಇಮೇಲ್ ತೋರಿಸಿ, ಅಲ್ಲಿಂದ ಪತ್ರ ತರದೆ ನಾವೇನೂ ಮಾಡೋಕಾಗಲ್ಲ ಅಂದರು. ಜೊತೆಗೆ ಬಾ ಅಣ್ಣಾ ಅಂದಿದ್ದಕ್ಕೆ ನಾನೂ ಹೋಗಿದ್ದೆ. ಅವರಮ್ಮ ಕೌಂಟರಿನ ಮುಂದೆ ಪಾಸ್‌ಬುಕ್ ಹಿಡಿದು ನಿಂತಿದ್ದರು. ಅಧಿಕಾರಿ ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ಎಲ್ಲ ಮುಗಿದ ಮೇಲೆ ಮೆಲ್ಲಗೆ ಕೇಳಿದರು. ‘ಅದಿರಲಿ ಸಾರ್, ಗೃಹಲಕ್ಷ್ಮಿ ಎರಡು ಸಾವಿರ ಈ ತಿಂಗಳು ಬಿದ್ದಿದೆಯಾ ಸ್ವಲ್ಪ ನೋಡಿ ಹೇಳ್ತೀರಾ?’

ಬಿದ್ದಿತ್ತು. ತೆಗೆಯೋಕೆ ಬರುತ್ತಿರಲಿಲ್ಲ.